ಕರಿಯ ತುಂಡಿಗೆ ಕುಂಕುಮ

ಒಂದು ಮಳೆಗಾಲ ಪೂರ್ತಿ ನಾನು ಆ ಕರಿಯ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ವಾದ್ಯ ನುಡಿಸಿದ್ದೇನೆ. ಈಗಲೂ ಅದು ನೆನಪಾದರೆ ಕೈಯಲ್ಲಿನ ಕೆಲಸ ಬಿಟ್ಟು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತೇನೆ.

ವಾದ್ಯ ಡಬಲ್ ಬಾಸ್. ನೋಡಲು ಪಿಟೀಲಿನಂತೆಯೇ, ಆದರೆ ನನಗಿಂತ ಒಂದು ಗೇಣು ಎತ್ತರ, ನಿಂತೇ ನುಡಿಸಬೇಕು. ಕಲಿಸಿದವರು ಖಾನಾಪುರದ ಮಾಸ್ತರರು. ಪ್ರಾಯವನ್ನೆಲ್ಲ ಗೋವಾದ ಹೋಟೆಲುಗಳ ಬ್ಯಾಂಡಿನಲ್ಲಿ ಕಳೆದು, ಆಮೇಲೆ ಖಾನಾಪುರ ಸ್ಟೇಷನ್ನಿನ ಹತ್ತಿರ ಎರಡು ಕೋಣೆಯ ಮನೆ ಮಾಡಿಕೊಂಡಿದ್ದರು. ನಾನು ಭಾನುವಾರಗಳಂದು ಬೆಳಗಾವಿಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಬಲಭುಜ ಮೇಲೇಳದಂತಾದಾಗ ಅವರು ವಾದ್ಯವನ್ನು ನನಗೇ ಕೊಟ್ಟುಬಿಟ್ಟರು. ಗಾದಿಯಲ್ಲಿ ಸುತ್ತಿ, ಟೆಂಪೋದಲ್ಲಿ ಹಾಕಿ, ಶಿವಬಸವ ನಗರದ ನಮ್ಮ ಮನೆಗೆ ತಂದೆ.

ಅವ್ವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಾನು ದಪ್ಪ ತಂತಿಯ ಮೇಲೆ ಕಮಾನು ಎಳೆದರೆ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳೆಲ್ಲ ಗಡಗಡ ನಡುಗುತ್ತಿದ್ದವು.

"ಎಮ್ಮಿ ಒದರಿದಂಗ ಒದರತೈತಿ. ಮೊದಲ ಅದರ ಬಾಯಿ ಮುಚ್ಚು" ಎನ್ನುತ್ತಿದ್ದಳು.

ಬಾಯಿ ಮುಚ್ಚುವ ಉಪಾಯ ವಾದ್ಯದ ಜೊತೆಗೇ ಬಂದಿತ್ತು. ತಂತಿಗಳನ್ನು ಎತ್ತಿ ಹಿಡಿಯುವ ಮರದ ಹಲಗೆಗೆ ಕುದುರೆ ಎನ್ನುತ್ತಾರೆ. ಆ ಕುದುರೆಯ ನೆತ್ತಿಗೆ ಸಿಕ್ಕಿಸುವ ಸಣ್ಣ ತುಂಡೇ ಮ್ಯೂಟ್. ಸಿಕ್ಕಿಸಿದರೆ ಮರದ ನಡುಕ ತಗ್ಗಿ ಧ್ವನಿಯ ಗುಣವೇ ಬದಲಾಗುತ್ತದೆ. ಮಾಸ್ತರರ ಮ್ಯೂಟ್ ಬೆಂಕಿಪೆಟ್ಟಿಗೆಯಷ್ಟಿತ್ತು. ಕಮಾನಿಗೆ ಹಚ್ಚುವ ರಾಳದ ಪುಡಿ, ಕೈಯ ಎಣ್ಣೆ, ಧೂಳು ಎಲ್ಲ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ನಟ್ಟನಡುವೆ ಒಂದು ದುಂಡನೆಯ ಗುರುತು. ನಾನು ಅದನ್ನು ಯಾವುದೋ ಹಳೆಯ ಮರ ಎಂದುಕೊಂಡಿದ್ದೆ. ಹಾಕಿ ನುಡಿಸಿದರೆ ಒದರಾಟ ಹೋಗಿ, ಯಾರೋ ತುಟಿ ಮುಚ್ಚಿಕೊಂಡು ಎದೆಯೊಳಗೇ ಗುನುಗಿದಂತೆ ಕೇಳುತ್ತಿತ್ತು. ಲೋಟಗಳು ಸುಮ್ಮನಾದವು. ಅವ್ವನೂ ಅರ್ಧ ಸುಮ್ಮನಾದಳು.

ಮಹಾಂತೇಶ ನಗರದ ಒಂದು ಮನೆಯಲ್ಲಿ ನಾವು ಐದು ಜನ ಸೇರಿ ಅಭ್ಯಾಸ ಮಾಡುತ್ತಿದ್ದೆವು. ನಮ್ಮನ್ನು ನಡೆಸುತ್ತಿದ್ದವರು ಶಾಲೆಯೊಂದರಲ್ಲಿ ಪಿಟೀಲು ಕಲಿಸುವ ಮೇಡಂ. ನನ್ನ ಮ್ಯೂಟಿನ ಧ್ವನಿ ಕೇಳಿ ಅವರು ಮೆಚ್ಚಿ, ಅದಕ್ಕೆಂದೇ ಒಂದು ನಿಧಾನದ ಸಂಗೀತ ಬರೆದರು. ನಡುವೆ ಎರಡು ನಿಮಿಷ ಬಾಸ್ ಒಂದೇ, ಮ್ಯೂಟ್ ಹಾಕಿಕೊಂಡು. ಆಮೇಲೆ ಅದನ್ನು ಕಿತ್ತು ಎಲ್ಲರ ಜೊತೆ ತುಂಬು ಧ್ವನಿಯಲ್ಲಿ ಸೇರಬೇಕು. ಕಿತ್ತದ್ದನ್ನು ಕಿಸೆಗೆ ಹಾಕುವಷ್ಟರಲ್ಲಿ ತಾಳ ಕೈಬಿಟ್ಟು ಹೋಗುತ್ತಿತ್ತು. ಹಾಗಾಗಿ ಹಲ್ಲಿನಲ್ಲಿ ಕಚ್ಚಿಕೊಳ್ಳುವ ರೂಢಿ ಮಾಡಿಕೊಂಡೆ. ಬಾಯಿಗೆ ಉಪ್ಪುಪ್ಪು ಹತ್ತುತ್ತಿತ್ತು. ರಾಳದ ರುಚಿ ಇರಬೇಕೆಂದು ಚಪ್ಪರಿಸಿದ್ದೂ ಉಂಟು.

ಅಷ್ಟರಲ್ಲಿ ಖಂಡೇನವಮಿಯ ಆಯುಧಪೂಜೆ ಬಂತು. ನಮ್ಮದು ಜೈನರ ಮನೆ. ದೇವರ ಕೋಣೆಗೆ ಚರ್ಮದ ಪರ್ಸು, ಬೆಲ್ಟು ಹೋಗುವಂತಿಲ್ಲ. ಕೈಗಡಿಯಾರದ ಪಟ್ಟಿ ಚರ್ಮದ್ದಾದರೆ ಅದನ್ನೂ ಬಿಚ್ಚಿಟ್ಟೇ ಹೊಸ್ತಿಲು ದಾಟಬೇಕು. ಮಿಕ್ಸರ್, ಸ್ಕೂಟರ್, ಹೊಲಿಗೆ ಮಷೀನು ಎಲ್ಲದಕ್ಕೂ ಪೂಜೆ ಮುಗಿಸಿ ಅವ್ವ, "ತಡಿ, ನಿನ್ನ ಎಮ್ಮಿಗೂ ಪೂಜಿ ಮಾಡೂಣು" ಎಂದಳು. ಎಮ್ಮೆ ದೇವರ ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಅದರ ಬದಲಿಗೆ ಮ್ಯೂಟನ್ನು ಹಿತ್ತಾಳೆ ತಾಟಿನಲ್ಲಿಟ್ಟು ದೇವರ ಮುಂದೆ ಇರಿಸಿದಳು. ಆ ದುಂಡನೆಯ ಗುರುತಿನ ಮೇಲೆ ಸರಿಯಾಗಿ ಕುಂಕುಮ ಇಟ್ಟಳು. ಚೆಂಡುಹೂವು ಏರಿಸಿದಳು. ಆರತಿ ಮಾಡಿ, ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ನನಗೆ ಕಣ್ಣು ತುಂಬಿ ಬಂತು.

ಮರುವಾರ ಖಾನಾಪುರಕ್ಕೆ ಹೋಗಿ ಮಾಸ್ತರರಿಗೆ ಅದನ್ನು ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು. ನಕ್ಕರು. ನಗು ಕೆಮ್ಮಾಯಿತು, ಕೆಮ್ಮಿನ ನಡುವೆಯೂ ನಕ್ಕರು.

"ಪೂಜಿ? ಖರೇನ? ಅದು ನನ್ನ ಚಪ್ಪಲಿ ಹಿಮ್ಮಡಲೇ, ಹುಚ್ಚಾ!"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು: "ಅಂಗಡ್ಯಾಗಿಂದು ಹಾಕಿದ್ರ ಧ್ವನಿ ಸತ್ತ ಹೋಗತಿತ್ತು. ಕಟಗಿದು ಹಾಕಿದ್ರ ಮೂಗಿನ್ಯಾಗ ಮಾತಾಡಿದಂಗ. ನನ್ನ ಕೊಲ್ಹಾಪುರಿ ಚಪ್ಪಲಿ ಹರಿದಾಗ ಹಿಮ್ಮಡ ಕೊಯ್ದು ಮಾಡಿದ್ದು ಅದು. ವರ್ಷಾನುಗಟ್ಟಲೆ ತುಳದ ತುಳದ ಹದಾ ಆದ ಚರ್ಮ! ನಡುವ ಗುರುತ ಐತಲ್ಲ, ಅದು ಮೊಳಿ ಬಡದಿದ್ದು."

ಹಿತ್ತಲಿಗೆ ಓಡಿ ಗಂಟಲೊಳಗೆ ಬೆರಳು ಹಾಕಿ ಕಾರಿಕೊಂಡೆ. ಉಪ್ಪು ಯಾವುದರದೆಂದು ಈಗ ಗೊತ್ತಾಗಿತ್ತು. ಹೋಟೆಲುಗಳ ಹಿಂಬಾಗಿಲು, ಮೀನು ತೊಳೆದ ನೀರು, ಕುಡಿದವರು ಕಾರಿದ್ದು, ಅದನ್ನೆಲ್ಲ ತುಳಿದ ಕಾಲಿನ ಬೆವರು. ನಾನು ಚಪ್ಪರಿಸಿದ್ದೆ.

ಒಳಗಿನಿಂದ ಅವರು ಕೂಗಿದರು: "ಕಮಾನಿನ್ಯಾಗ ಕುದರಿ ಬಾಲದ ಕೂದಲಾ ಐತಿ. ಹಿಂದಕ ತಂತಿ ಕುರಿ ಕರಳಿಂದ ಮಾಡತಿದ್ರು. ಅದಕ್ಕಿಲ್ಲದ ಹೇಸಿಕಿ ನನ್ನ ಕಾಲಿಗೆ ಯಾಕಲೇ?"

"ಕುದರಿ ಬಾಲಾ ನಾ ಬಾಯಾಗ ಇಟಗೊಂಡಿಲ್ರೀ, ಸರ್" ಎಂದೆ. ಅದಕ್ಕೂ ನಕ್ಕರು. ಅವತ್ತು ಅವರ ಮನೆಯ ಚಹಾ ಕುಡಿಯದೆ ಬಸ್ಸು ಹತ್ತಿದೆ.

ಮನೆಗೆ ಬಂದವನೇ ಮ್ಯೂಟನ್ನು ಪೇಪರಿನಲ್ಲಿ ಸುತ್ತಿ, ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ತುರುಕಿದೆ. ಕಸದ ಬುಟ್ಟಿಗೆ ಯಾಕೆ ಹಾಕಲಿಲ್ಲ ಎಂದು ಕೇಳಿದರೆ, ಆ ಸಂಗೀತ ನುಡಿಸಬೇಕಾದ ಕಾರ್ಯಕ್ರಮಕ್ಕೆ ಎರಡೇ ವಾರ ಉಳಿದಿತ್ತು. ಅಸಹ್ಯದಲ್ಲೂ ನನ್ನ ಲೆಕ್ಕಾಚಾರ ತಪ್ಪಿರಲಿಲ್ಲ.

ಬೇರೆ ದಾರಿ ಹುಡುಕಿದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರೆ ನೆಗಡಿಯಾದವನ ಮಾತು. ಆನ್‌ಲೈನಿನಲ್ಲಿ ತರಿಸಿದ ರಬ್ಬರಿನ ಮ್ಯೂಟ್ ಹಾಕಿದರೆ ಒದ್ದೆ ಗಾದಿಗೆ ಬಡಿದಂತೆ. ಮೇಲಿಂದ ಅದರ ಹಾಳು ವಾಸನೆ ಬೇರೆ. ಬಡಿಗೇರರಿಂದ ಸಾಗವಾನಿಯದೊಂದು ಮಾಡಿಸಿದೆ. ಧ್ವನಿ ಸೊರಗಿ ಕಡ್ಡಿಯಾಯಿತು. ನನ್ನ ವಾದ್ಯದ ಮೇಲೆಯೇ ನನಗೆ ವಾಕರಿಕೆ ಬರತೊಡಗಿತು. ಅಭ್ಯಾಸದ ನಡುವೆ ಪಿಟೀಲಿನ ಮೇಡಂ ಕಮಾನು ಕೆಳಗಿಳಿಸಿ ನನ್ನನ್ನೇ ನೋಡಿದರು.

"ಧ್ವನಿ ಹಿಂಗ್ಯಾಕ ಆಗೇತ್ರಿ? ಮೊದಲಿಂದು ಬರಂಗಿಲ್ಲಂದ್ರ ಹೇಳ್ರಿ, ಆ ಎರಡು ನಿಮಿಷ ತಗದ ಬಿಡೂಣು."

ಆ ಎರಡು ನಿಮಿಷ ಬಿಟ್ಟರೆ ನಾನು ಆ ತಂಡದಲ್ಲಿ ಹಿಂದೆ ನಿಂತು ತಾಳಕ್ಕೆ ಗುಂಯ್‌ಗುಟ್ಟುವವನು. ಅಲ್ಲದೆ ಈ ಸಲ ಅವ್ವ ಕೇಳಲು ಬರುವವಳಿದ್ದಳು, ಮೊದಲ ಬಾರಿಗೆ.

ಕಾರ್ಯಕ್ರಮದ ಹಿಂದಿನ ದಿನ ಆಫೀಸಿನಿಂದ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಬಿಚ್ಚಿದ ಪೇಪರು.

"ಪೂಜಿ ಮಾಡಿದ್ದನ್ನ ಚಪ್ಪಲಿ ಸಂದ್ಯಾಗ ಇಡತಾರೇನೋ? ನಿನಗ ಹೇಸಿಕಿ ಅನ್ನೂದು ಏನರ ಐತಿಲ್ಲ?"

"ಅವ್ವಾ, ಅದು..."

"ಏನದು?"

ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವಳು ದೇವರ ಕೋಣೆಯನ್ನು ನೆಲದಿಂದ ಮಾಡಿನವರೆಗೆ ತೊಳೆಯುತ್ತಿದ್ದಳು, ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಳು. ಆ ತುಂಡು ತಿಪ್ಪೆ ಸೇರುತ್ತಿತ್ತು. ನಾಳೆ ನನ್ನ ಬಳಿ ಕ್ಲಿಪ್ಪು ಉಳಿಯುತ್ತಿತ್ತು.

"ಏನಿಲ್ಲ" ಎಂದೆ.

ಅವಳು ಅದನ್ನು ತೊಳೆದು, ಮಡಿಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ ಮತ್ತೆ ದೇವರ ಮುಂದಿಟ್ಟಳು. ಬೆಳಿಗ್ಗೆ ಸ್ನಾನ ಮಾಡಿ, ಬೆಲ್ಟು ಬಿಚ್ಚಿಟ್ಟು ಒಳಗೆ ಹೋಗಿ, ಎತ್ತಿಕೊಂಡು ಬಂದೆ.

ಕಾರ್ಯಕ್ರಮ ಒಂದು ಶಾಲೆಯ ಹಾಲಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಮುಂದಿನ ಸಾಲಿನಲ್ಲಿ ಅವ್ವ. ನನ್ನ ಎರಡು ನಿಮಿಷ ಬಂದವು. ಧ್ವನಿ ಬಂತು, ಬೆಚ್ಚಗೆ, ಎದೆಯೊಳಗಿಂದ, ಎಲ್ಲೂ ಒಡೆಯದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನುಡಿಸಿಲ್ಲ. ನಂತರ ಮ್ಯೂಟ್ ಕಿತ್ತು ಹಲ್ಲಿನಲ್ಲಿ ಕಚ್ಚಿದೆ. ಉಪ್ಪು. ಈ ಸಲ ಅದರ ಜೊತೆ ಕುಂಕುಮ. ಉಗುಳು ನುಂಗಲಾಗದೆ, ಉಗುಳಲೂ ಆಗದೆ ಕೊನೆಯ ಸ್ವರದವರೆಗೆ ನಿಂತೆ. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಮರಳುವಾಗ ಆಟೋದಲ್ಲಿ ಅವ್ವ ಕೈಚಾಚಿದಳು. ಕೊಟ್ಟೆ. ನನ್ನ ಎಂಜಲನ್ನು ಸೆರಗಿನಿಂದ ಒರೆಸಿ, ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಇವತ್ತ ಎಮ್ಮಿ ಅನ್ನಿಸಲಿಲ್ಲ ನೋಡು. ದೇವರ ಮುಂದ ಇಟ್ಟಿದ್ದಕ್ಕ ಚೊಲೋ ಆತು."

ಮನೆ ಮುಟ್ಟಿದೊಡನೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ.

ಈ ವರ್ಷದ ಖಂಡೇನವಮಿಗೆ ಅವ್ವನಿಗೆ ಮೊಣಕಾಲು ನೋವು, ನಿಲ್ಲಲಾಗಲಿಲ್ಲ. ಮೊಳೆಯ ಗುರುತಿಗೆ ಕುಂಕುಮ ಹಚ್ಚಿ ಆರತಿ ಬೆಳಗಿದವನು ನಾನೇ. ಅವಳು ಕುರ್ಚಿಯಲ್ಲಿ ಕುಳಿತು ಕೈಮುಗಿದಳು.