ಮೂರನೇ ಪ್ಲಗ್ಗು

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ನಮ್ಮ ಹಳೆಯ ಕಾರಿಗೆ ನಡುಕ ಹತ್ತಿತು. ನಸುಕಿನಲ್ಲಿ ಚಾಲು ಮಾಡಿ ನಿಂತಲ್ಲೇ ಬಿಟ್ಟರೆ ಸ್ಟಿಯರಿಂಗು, ಸೀಟು, ಕನ್ನಡಿ ಎಲ್ಲ ಗಡಗಡ. ಒಂದಿಷ್ಟು ದೂರ ಓಡಿ ಬಿಸಿಯಾದರೆ ಬಂಗಾರದಂಥ ಗಾಡಿ. ಬೇರೆ ಕಾಲವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ವಾರಕ್ಕೆ ಎರಡು ಸಲ ಹೆಂಡತಿಯನ್ನು ಅದೇ ಕಾರಿನಲ್ಲಿ ಮಸ್ಕಿಯಿಂದ ಲಿಂಗಸುಗೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಬೆಳಗಿನ ಪಾಳಿ ತಪ್ಪಿದರೆ ಯಂತ್ರ ಇನ್ನೊಬ್ಬರ ಪಾಲು. ಅವಳ ಕಿಡ್ನಿ ಎರಡೂ ಕೈಬಿಟ್ಟಿದ್ದವು. ಕಾರೂ ಕೈಬಿಟ್ಟರೆ ಎಂಬ ಹೆದರಿಕೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಮಸ್ಕಿಯಲ್ಲಿ ಒಬ್ಬ ಮಧ್ಯಾಹ್ನದ ಬಿಸಿಲಲ್ಲಿ ನೋಡಿ, ಎಂಜಿನ್ ಕೆಳಗಿನ ರಬ್ಬರ್ ಬದಲಿಸಿದ. ಲಿಂಗಸುಗೂರಿನಲ್ಲಿ ಇನ್ನೊಬ್ಬ ಪೆಟ್ರೋಲೇ ಸರಿಯಿಲ್ಲ ಎಂದ. ಇಬ್ಬರ ಮುಂದೆಯೂ ಕಾರು ಗಪ್ಪನೆ ನಿಂತಿತ್ತು, ಡಾಕ್ಟರ ಮುಂದೆ ಕೂತೊಡನೆ ಕೆಮ್ಮು ನಿಲ್ಲುವ ಹಾಗೆ. ನಾನು ಮೊದಲೇ ಸಿಟ್ಟಿನವನು, ಅವಳ ಮೇಲೆ ಹರಿಹಾಯ್ದೆ.

"ಬಾಗಲಾ ಅಷ್ಟು ಜೋರ ಹಾಕ್ತಿ. ಗಾಡಿ ನಡುಗದ ಏನ್ ಮಾಡ್ತೈತಿ?"

ಅವಳು ಸೂಜಿ ಚುಚ್ಚಿಸಿಕೊಳ್ಳುವ ಕೈಯನ್ನು ಎದೆಗೆ ಅವುಚಿಕೊಂಡು, "ನಡುಗಾಕತ್ತಿದ್ದು ಗಾಡಿ ಅಲ್ಲ, ನೀವು" ಎಂದಳು.

ಒಂದು ಮುಂಜಾನೆ ಊರ ಹೊರಗೆ ಕುರಿಹಿಂಡು ಅಡ್ಡ ಬಂತು. ನಿಲ್ಲಿಸಿದೆ. ಕಾರು ನಡುಗಿ ನಡುಗಿ ಆರಿಹೋಯಿತು. ಮೂರು ಸಲ ಕೀಲಿ ತಿರುಗಿಸಿದರೂ ಏಳಲಿಲ್ಲ, ನಾಲ್ಕನೆಯದಕ್ಕೆ ಎದ್ದಿತು. ಅವತ್ತು ಆಸ್ಪತ್ರೆಯಿಂದಲೇ ಸಿಂಧನೂರಿನ ಹಿರಿಯ ಮೆಕ್ಯಾನಿಕ್ ಒಬ್ಬನಿಗೆ ಫೋನ್ ಮಾಡಿದೆ.

"ನಾಳೆ ಗಾಡಿ ಚಾಲೂ ಮಾಡಬ್ಯಾಡ್ರಿ, ನಾನ ಬರ್ತೀನಿ" ಎಂದ. "ಬ್ಯಾನಿ ಇದ್ದಾಗನ ನಾಡಿ ಹಿಡೀಬೇಕ್ರಿ."

ಮರುದಿನ ಮೊದಲ ಬಸ್ಸಿಗೇ ಬಂದಿಳಿದ. ಬಾನೆಟ್ ಎತ್ತಿ ನನ್ನಿಂದ ಚಾಲು ಮಾಡಿಸಿದ. ಕಾರು ಗಡಗಡ ನಡುಗಿತು. ಅರಿವೆ ಸುತ್ತಿದ ಇಕ್ಕಳದಿಂದ ನಾಲ್ಕು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಕೂಡಿಸುತ್ತ ಹೋದ. ಮೊದಲನೆಯದು ಕಿತ್ತಾಗ ನಡುಕ ಹೆಚ್ಚಿತು, ಎರಡನೆಯದಕ್ಕೂ ಹೆಚ್ಚಿತು. ಮೂರನೆಯದು ಕಿತ್ತರೆ ಏನೂ ವ್ಯತ್ಯಾಸವಿಲ್ಲ.

"ನಾಲ್ಕು ಮಂದ್ಯಾಗ ಇವ ಒಬ್ಬ ದುಡೀದ ಕುಂತಾನ್ರಿ" ಎಂದು ಎಂಜಿನ್ ಆರಿಸಿ, ಪ್ಲಗ್ಗು ಕೂರುವ ಗುಳಿಗೆ ಅರಿವೆ ಇಳಿಸಿದ. ಕಂದು ಬಣ್ಣದ ಅಂಟು ನೀರು, ಸತ್ತ ಇರುವೆಗಳು ಮೇಲೆ ಬಂದವು. ಮೂಸಿ ನೋಡಿದ. "ಇಲ್ಲಿ ಯಾರ್ರಿ ಕಾಯಿನೀರು ಹಾಕಿದವರು?"

ಹಾಕಿದವನು ನಾನೇ. ಅಮವಾಸ್ಯೆಗೆ ಎಲ್ಲರೂ ಗಾಲಿಯ ಮುಂದೆ ಕಾಯಿ ಒಡೆಯುತ್ತಾರೆ, ನೀರನ್ನು ಮನೆಯವರು ಕುಡಿಯುತ್ತಾರೆ. ಅವಳಿಗೆ ಕಾಯಿನೀರೆಂದರೆ ಪ್ರಾಣ, ಡಾಕ್ಟರು ಹನಿಯೂ ಕೂಡದು ಎಂದಿದ್ದರು. ಅವಳೆದುರು ನಾನು ಹೇಗೆ ಕುಡಿಯಲಿ? ಮೂರು ಅಮವಾಸ್ಯೆಯಿಂದ ಬಾನೆಟ್ ತೆಗೆದು ಅಷ್ಟನ್ನೂ ಎಂಜಿನ್ನಿನ ಮೇಲೆ ಸುರಿದಿದ್ದೆ. ಅವಳ ಜೀವ ಅಲ್ಲೇ ಇದೆ, ತಂಪಾಗಿರಲಿ ಅಂತ. ಸ್ಟಿಯರಿಂಗಿಗೆ ಕುಂಕುಮ ಹಚ್ಚುವವರನ್ನು ಕಂಡು ನಗುತ್ತಿದ್ದ ನಾನು.

ಅದನ್ನು ಹೇಳಬಹುದಿತ್ತು. ಬಾಯಿಂದ ಬಂದದ್ದು ಬೇರೆ.

"ನಮ್ಮಾಕಿರಿ. ಏನ್ ತಿಳೀತೈತಿ ಅಕಿಗೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದಕ್ಕಿಂತ ಕೀಳು. ಅವಳು ಚಹಾ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು.

"ಹೌದ್ರಿ ಅಣ್ಣಾರ, ನಾನ ಹಾಕಿದ್ದೆ. ಇನ್ನ ಹಾಕೂದಿಲ್ಲ" ಎಂದು ಚಹಾ ಕೊಟ್ಟಳು.

ಅವನು ಗುಳಿ ಒಣಗಿಸಿ ಹೊಸ ಪ್ಲಗ್ಗು, ಹೊಸ ವೈರು ಹಾಕಿದ. ಕಾರು ತಣ್ಣಗೆ ನಿಂತು ಗುರುಗುಟ್ಟಿತು. ನನಗೆ ಮಾತ್ರ ಅವಳ ಮುಖ ನೋಡಲು ನಾಚಿಕೆ. ಪ್ರತಿ ಸಲ ಲಿಂಗಸುಗೂರಿನ ದಾರಿಯಲ್ಲಿ ಹೇಳಬೇಕೆಂದು ಬಾಯಿ ತೆರೆದು, ರಸ್ತೆ ಕೆಟ್ಟಿದೆ ಎಂದು ಏನೋ ಹೇಳಿ ಮುಗಿಸುತ್ತಿದ್ದೆ.

ಎಳ್ಳಮವಾಸ್ಯೆಗೆ ಅವಳೇ ಕಾಯಿ ತಂದುಕೊಟ್ಟಳು. ನಾನು ಗಾಲಿಯ ಮುಂದೆ ಒಡೆದೆ, ಅವಳು ತಂಬಿಗೆ ಹಿಡಿದು ನೀರು ತುಂಬಿಕೊಂಡು ನನ್ನ ಮುಂದೆ ಚಾಚಿದಳು.

"ಕುಡೀರಿ."

"ನೀ ಮುಂದ ನಿಂತಾಗ ಹೆಂಗ ಕುಡೀಲಿ?"

"ನಾ ಕುಡಿಯಂಗಿಲ್ಲ, ಗಾಡೀನೂ ಕುಡಿಯಂಗಿಲ್ಲ. ಉಳಿದವರು ನೀವ."

"ಅವತ್ತು ನಾ ಸುಳ್ಳು ಹೇಳಿದೆ" ಎಂದೆ.

"ಗೊತ್ತೈತಿ, ಕುಡೀರಿ."

ಕೊನೆಯ ಗುಟುಕಿನವರೆಗೂ ಅವಳು ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೇಳಿದಳು:

"ಸಿಹಿ ಐತೇನ್ರಿ?"