ಗೆರೆಯಾಚೆಗಿನ ಕೈ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಏಳುವಷ್ಟರಲ್ಲಿ ಫೋನಿಗೆ ಒಂದು ಹಳೆಯ ಫೋಟೋ ಬಂತು. ಕಾರವಾರದ ಹಬ್ಬುವಾಡದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ನನಗೆ ಕಸುಬು ಕಲಿಸಿದ ದತ್ತಾ ಮಾಮ ಕಟಿಂಗ್ ಮಷೀನಿನ ಪಕ್ಕ ನಿಂತಿದ್ದಾರೆ, ಒಂದು ಕೈ ಅದರ ಚಕ್ರದ ಮೇಲಿದೆ. ಆ ಕೈಗೆ ಅಂಟಿಕೊಂಡ ಹಾಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು, ಸೀರೆಯುಟ್ಟು, ಹಲ್ಲುನೋವು ಬಂದವಳಂತೆ ನಿಂತ ಹುಡುಗಿ ನಾನು. ಕೆಳಗೆ ಮಲ್ಲಾಪುರದಲ್ಲಿರುವ ಮಾಮನ ಮಗಳು ಬರೆದಿದ್ದಳು: "ಅಪ್ಪನ ಹನ್ನೆರಡನೇ ದಿನದ ಕಾರ್ಡ್ ನೀವೇ ಮಾಡ್ಬೇಕು ಅಕ್ಕ. ಬೇರೆ ಒಳ್ಳೆ ಫೋಟೋ ಸಿಗಲಿಲ್ಲ." ಮಾಮ ಹೋಗಿ ನಾಲ್ಕು ದಿನವಾಗಿತ್ತು. ಅಲ್ಲಿಯ ತನಕ ಬಾರದ ಅಳು ಆಗ ಬಂತು.

ಅಂಕೋಲೆಯ ನಮ್ಮ ಮನೆಯ ಹೊರಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಮದುವೆ, ಗೃಹಪ್ರವೇಶ, ಶ್ರದ್ಧಾಂಜಲಿ ಎಂದು ಕಾರ್ಡು ಮಾಡಿಕೊಡುವುದು ನನ್ನ ಕಸುಬು. ಈಗ ಅರ್ಧಕ್ಕರ್ಧ ಜನರಿಗೆ ಕಾಗದವೇ ಬೇಡ, ಫೋನಿಗೆ ಕಳಿಸಿದರೆ ಸಾಕು. ಆದರೂ ನಾನು ಸುತ್ತಲೂ, ಕತ್ತರಿಸುವ ಗೆರೆಯಾಚೆಗೆ, ಒಂದಿಷ್ಟು ಬಣ್ಣ ಹೆಚ್ಚಿಗೆ, ಅಂದರೆ ಬ್ಲೀಡ್, ಬಿಟ್ಟೇ ಮಾಡುತ್ತೇನೆ. ಫೋನಿನೊಳಗೆ ಯಾವ ಕತ್ತಿ ಬಂದು ಕತ್ತರಿಸುತ್ತದೆ ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ. ಬ್ಲೀಡ್ ಬಿಡದೆ ಕಾರ್ಡು ಮಾಡಿದರೆ ನನಗೆ ಸೆರಗಿಲ್ಲದೆ ಪೇಟೆಗೆ ಹೋದ ಹಾಗಾಗುತ್ತದೆ.

ಈ ಬ್ಲೀಡ್ ಎಂಬ ಶಬ್ದವನ್ನು ನನಗೆ ಕಲಿಸಿದವರು ಮಾಮ. ಬಿ.ಎ. ಮುಗಿಸಿ ಪ್ರೆಸ್ಸಿಗೆ ಸೇರಿದಾಗ ನಾನು ಬಹಳ ತಿಳಿದವಳ ಗತ್ತಿನಲ್ಲಿದ್ದೆ. ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಕೇಳಿದರೆ ಬೆರಳಿನಲ್ಲಿ ಅಳತೆ ತೋರಿಸಿದ್ದೆ. ಅಕ್ಷರವನ್ನು ಪಾಯಿಂಟಿನಲ್ಲಿ ಹೇಳಬೇಕು, ಬದನೆಕಾಯಿಯ ಹಾಗೆ ಕೈಯಲ್ಲಿ ತೋರಿಸುವುದಲ್ಲ ಎಂದು ಮಾಮ ನಕ್ಕಿದ್ದರು. ಕಾಗದದ ದಪ್ಪವನ್ನು ಜಿಎಸ್‌ಎಂನಲ್ಲಿ ಲೆಕ್ಕ ಹಾಕುತ್ತಾರೆ ನೋಡಿ, ಮಾಮ ಅದನ್ನು ಹೆಬ್ಬೆರಳಲ್ಲಿ ತಿಕ್ಕಿಯೇ ಹೇಳುತ್ತಿದ್ದರು. ಮೀನುಪೇಟೆಯಲ್ಲಿ ನಮ್ಮವರು ಕಿವಿರು ಎತ್ತಿ ನೋಡಿ ಮೀನು ತಾಜಾ ಹೌದೋ ಅಲ್ಲವೋ ಹೇಳುವುದಿಲ್ಲವೇ, ಹಾಗೆ.

ಬ್ಲೀಡ್ ಕಲಿಸಿದ ದಿನ ಕಟಿಂಗ್ ಮಷೀನಿನ ಎದುರು ನಿಲ್ಲಿಸಿಕೊಂಡಿದ್ದರು. ಕನ್ನಡ ಮಾತಿನ ಕೊನೆಗೂ ಕೊಂಕಣಿಯ 'ಗೋ' ಸೇರಿಸುವುದು ಅವರ ಅಭ್ಯಾಸ.

"ಕತ್ತಿಗೆ ಎಂತ ಗೊತ್ತು ಗೋ? ಒಂದು ಕೂದಲಷ್ಟು ಆಚೆ ಈಚೆ ಆಗೇ ಆಗ್ತದೆ. ಅದಕ್ಕೇ ಬಣ್ಣ ಗೆರೆ ದಾಟಿ ಇರಬೇಕು. ಕತ್ತಿಗೆ ಅದರ ಪಾಲು ಮೊದಲೇ ತೆಗೆದಿಡಬೇಕು."

ಇನ್ನೊಂದು ನಿಯಮವಿತ್ತು. ಮಾಡಿದವರೇ ತಮ್ಮ ಪ್ರೂಫ್ ಪಾಸು ಮಾಡುವ ಹಾಗಿಲ್ಲ. ಮೊದಲ ಪ್ರತಿಯನ್ನು ಬೇರೆ ಒಬ್ಬರು ನೋಡಿ, ಮೂಲೆಯಲ್ಲಿ ಸಹಿ ಹಾಕಿದ ಮೇಲೆಯೇ ಮಷೀನಿಗೆ. ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ ಎಂದು ಮಾಮ ಹೇಳುತ್ತಿದ್ದರು.

ನಾನು ಸೇರಿ ಮೂರನೆಯ ತಿಂಗಳು. ಅವರ್ಸಾದಿಂದ ಶೇವಂತಿ ಎಂಬ ಹೆಂಗಸು ಬಂದಳು. ದೋಣಿ ಮಗುಚಿ ಗಂಡ ತೀರಿಕೊಂಡಿದ್ದ. ರವಿಕೆ ಕಣದಲ್ಲಿ ಸುತ್ತಿ ತಂದದ್ದು, ಮದುವೆಯಾದ ವಾರ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಅವನು ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಮದುವೆಯ ಆಲ್ಬಮ್ಮಿಗೆ ಮಳೆಗಾಲದಲ್ಲಿ ನೀರು ಹೊಕ್ಕು ಹಾಳೆ ಹಾಳೆ ಅಂಟಿಹೋಗಿತ್ತಂತೆ. ಉಳಿದದ್ದು ಇದೊಂದೇ. ತೀರಿಕೊಂಡವರ ಕಾರ್ಡಿನಲ್ಲಿ ಬದುಕಿರುವವರ ಚೂರೂ ಬರಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಹಾಗಾಗಿ ಅವಳು, ಅವರೊಬ್ಬರದ್ದೇ ಮುಖ ತೆಗೆದುಕೊಳ್ಳಿ, ಆದರೆ ಪಟ ಹೇಗಿದೆಯೋ ಹಾಗೇ ವಾಪಸ್ ಕೊಡಿ ಎಂದು ಎರಡೆರಡು ಸಲ ಹೇಳಿ ಹೋದಳು.

ಆಗ ಫೋಟೋ ಅಚ್ಚಾಗಬೇಕಾದರೆ ಹುಬ್ಬಳ್ಳಿಗೆ ಕಳಿಸಿ ಲೋಹದ ಬ್ಲಾಕ್ ಮಾಡಿಸಬೇಕಿತ್ತು. ಎಷ್ಟು ಭಾಗ ಬೇಕು ಎಂಬ ಗುರುತನ್ನು ಫೋಟೋದ ಮೇಲೆ ತೆಳು ಕಾಗದ ಅಂಟಿಸಿ, ಆ ಕಾಗದದ ಮೇಲೆ ಹಾಕಬೇಕು. ಅವತ್ತು ತೆಳು ಕಾಗದ ಮುಗಿದಿತ್ತು. ಹುಬ್ಬಳ್ಳಿಯ ಬಸ್ಸಿಗೆ ತಡವಾಗುತ್ತದೆಂದು ನಾನು ಫೋಟೋದ ಮೇಲೆಯೇ, ಗಂಡ ಹೆಂಡಿರ ನಡುವೆ, ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಅಷ್ಟು ಸಾಲದೆಂಬಂತೆ, ಲಕೋಟೆ ಹುಡುಕಲು ಹೋಗುವಾಗ ಅದನ್ನು ಕತ್ತರಿಸಲು ಜೋಡಿಸಿಟ್ಟ ಮದುವೆ ಕಾರ್ಡುಗಳ ಮೇಲೆ ಇಟ್ಟೆ. ಪ್ರೆಸ್ಸಿನಲ್ಲಿ ಕಟ್ಟಿನ ಮೇಲಿನ ಹಾಳೆಯಲ್ಲಿ ಕೆಂಪು ಗುರುತು ಇದ್ದರೆ ಅದು ಕತ್ತರಿಸಲು ಆಜ್ಞೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಮಾಮ ಯಾವುದೋ ಗಿರಾಕಿಯ ಜೊತೆ ಮಾತಾಡುತ್ತ ಕಟ್ಟನ್ನು ತಟ್ಟಿ ಸಮ ಮಾಡಿ, ಚಕ್ರ ತಿರುಗಿಸಿ ಬಿಗಿದು, ಕತ್ತಿ ಇಳಿಸಿದರು.

ಲಕೋಟೆ ಹಿಡಿದು ಬಂದಾಗ ಅವರ ಒಂದೊಂದು ಕೈಯಲ್ಲಿ ಫೋಟೋದ ಒಂದೊಂದು ತುಂಡು ಇತ್ತು. ಕೆಳಗಿದ್ದ ಮದುವೆ ಕಾರ್ಡುಗಳೂ ಹಾಳಾಗಿದ್ದವು. ಅವನ್ನು ಮತ್ತೆ ಅಚ್ಚು ಹಾಕಬಹುದು. ಮಾಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಂದೇ ಹಗುರಾಗುತ್ತಿದ್ದೆನೋ ಏನೋ.

ಎರಡು ತುಂಡನ್ನೂ ಅವರೇ ದಪ್ಪ ಕಾಗದದ ಮೇಲೆ ಕೂಡಿಸಿ ಅಂಟಿಸಿದರು. ಎಷ್ಟು ಸರಿಸಿದರೂ ನಡುವೆ ಕೂದಲಿನಷ್ಟು ಬಿಳಿ ಗೆರೆ ಉಳಿಯಿತು. ಶೇವಂತಿ ಬಂದಾಗ, ನಾನು ಬಾಯಿ ತೆರೆಯುವ ಮೊದಲೇ, "ನನ್ನ ಕೈಯಿಂದ ತಪ್ಪಾಯ್ತು" ಎಂದುಬಿಟ್ಟರು. ನಾನು ಅಚ್ಚುಮೊಳೆಯ ಪೆಟ್ಟಿಗೆಯ ಹಿಂದೆ ನಿಂತೇ ಇದ್ದೆ. ಅವಳು ಗೆರೆಯ ಮೇಲೆ ಉಗುರು ಆಡಿಸಿದಳು.

"ಬೆರಳು ನನ್ನ ಬದಿಗೆ ಉಳೀತು, ಕೈ ಅವರ ಬದಿಗೆ ಹೋತು" ಎಂದಳು. ಪಟವನ್ನು ಮತ್ತೆ ರವಿಕೆ ಕಣದಲ್ಲಿ ಸುತ್ತಿಕೊಂಡು ಹೋದಳು.

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸು ಅವರ್ಸಾ ದಾಟಿಯೇ ಹೋಗಬೇಕು. ಪ್ರೆಸ್ಸು ಮುಚ್ಚುವ ತನಕ ಹನ್ನೊಂದು ವರ್ಷ, ದಿನಕ್ಕೆರಡು ಸಲ, ಆ ಸ್ಟಾಪು ಬಂದಾಗ ನಾನು ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ. ಇಳಿದು ಹೇಳಿಬಿಡಬೇಕು ಎಂದು ಮೊದಮೊದಲು ಅನ್ನಿಸುತ್ತಿತ್ತು. ಆಮೇಲೆ, ಇಷ್ಟು ದಿನದ ಮೇಲೆ ಹೇಳಿ ಏನು ಎಂದು ಅನ್ನಿಸತೊಡಗಿತು. ಹೇಡಿಗೆ ನೆವ ನೂರು. ಮಾಮ ಒಮ್ಮೆಯೂ ಆ ಮಾತು ಎತ್ತಲಿಲ್ಲ.

ಮಾಮನ ಫೋಟೋ ಬಂದ ಮರುದಿನ ಕಾರ್ಡು ಸಿದ್ಧವಾಯಿತು. ರೂಢಿಯಂತೆ ನನ್ನನ್ನು ನಾನೇ ಫೋಟೋದಿಂದ ತೆಗೆದು ಹಾಕಿದೆ. ಪ್ರೂಫ್ ಯಾರಿಗೆ ತೋರಿಸುವುದು? ನೀವು ಮಾಡಿದ್ದು ಸರಿಯೇ ಇರುತ್ತದೆ, ಕಳಿಸಿಬಿಡಿ ಎಂದಳು ಮಾಮನ ಮಗಳು. ನನ್ನ ಪ್ರೂಫ್ ನೋಡಬೇಕಾದವರು ಕಾರ್ಡಿನೊಳಗಿದ್ದರು. ಒಂದು ಪ್ರತಿ ತೆಗೆದುಕೊಂಡು ಬಸ್ಸು ಹತ್ತಿ, ಈ ಸಲ ಅವರ್ಸಾದಲ್ಲಿ ಇಳಿದೆ.

ಶೇವಂತಕ್ಕನಿಗೆ ಕೂದಲೆಲ್ಲ ಬೆಳ್ಳಗಾಗಿದೆ. ನನ್ನ ಗುರುತು ಹತ್ತಲಿಲ್ಲ. ಗೋಡೆಯ ಮೇಲೆ ಆ ಪಟ ಇತ್ತು, ಗೆರೆ ಈಗ ಹಳದಿಗೆ ತಿರುಗಿದೆ. ನಾನು ಕೂರದೆ ಎಲ್ಲವನ್ನೂ ಹೇಳಿದೆ. ಪೆನ್ಸಿಲು ಹಿಡಿದವಳು ನಾನು, ಕಾರ್ಡಿನ ಮೇಲೆ ಇಟ್ಟವಳೂ ನಾನೇ, ಮಾಮ ಸುಮ್ಮನೆ ತಮ್ಮ ಮೇಲೆ ಹಾಕಿಕೊಂಡರು ಎಂದೆ. ಈ ಕಾರ್ಡಿನ ಪ್ರೂಫ್ ನೀವೇ ನೋಡಿ, ಮೂಲೆಯಲ್ಲಿ ಸಹಿ ಹಾಕಿಕೊಡಬೇಕು ಎಂದೆ. ಅವಳು ಕಾರ್ಡು ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದಳು.

"ಇಷ್ಟು ವರ್ಷ ಈ ಪಟ ಒರೆಸೂವಾಗೆಲ್ಲ ನಾ ಆ ಪ್ರೆಸ್ಸಿನವರ ಕೈಗೆ ಶಾಪ ಹಾಕ್ತಿದ್ದೆ" ಎಂದಳು. "ಇದನ್ನ ಹೇಳೂಕೆ ಅವರು ಸಾಯೂ ತನಕ ಕಾಯ್ಬೇಕಿತ್ತಾ ತಂಗಿ?"

ಅವಳು ಮತ್ತೆ ಕಾರ್ಡು ನೋಡಿದಳು. ಫೋಟೋ ಕತ್ತರಿಸಲು ನಾನು ಹಾಕಿದ ಗೆರೆ ಮಾಮನ ಮಣಿಕಟ್ಟಿಗೇ ನಿಂತಿತ್ತು, ಚಕ್ರದ ಮೇಲಿದ್ದ ಕೈ ಕಾರ್ಡಿನ ಹೊರಗೆ ಹೋಗಿತ್ತು. ಅಲ್ಲಿ ಬೆರಳಿಟ್ಟು ಹೇಳಿದಳು.

"ಕೈ ಪೂರ್ತಿ ಬರ್ಲಿ."

ಕೈ ಪೂರ್ತಿ ಬಂದರೆ ಅದಕ್ಕೆ ತಾಗಿಕೊಂಡಿರುವ ನನ್ನ ಸೆರಗಿನ ಅಂಚೂ ಬರುತ್ತದೆ, ಬದುಕಿರುವವರದ್ದು ಬರಬಾರದಲ್ಲ ಎಂದೆ. ಅವಳು ಪೆನ್ನು ಕೇಳಿ ತೆಗೆದುಕೊಂಡು, ಮೂಲೆಯಲ್ಲಿ ನಿಧಾನವಾಗಿ ತನ್ನ ಹೆಸರು ಬರೆದು ಕೊಟ್ಟಳು.

ಮನೆಗೆ ಬಂದು ಗೆರೆಯನ್ನು ಆಚೆಗೆ ಸರಿಸಿದೆ. ಕಾರ್ಡಿನಲ್ಲಿ ಈಗ ಮಾಮನ ಕೈ ಪೂರ್ತಿ ಇದೆ, ಪಕ್ಕದಲ್ಲಿ ನನ್ನ ಸೆರಗಿನ ಚೂರೂ ಇದೆ.