ಹ್ವಾಯ್ ಗುಂಡಿ

ಅಂಗಿಯ ಜೇಬಿನಲ್ಲಿ ಮೊಬೈಲು ಗುರ್ರೆಂದು ನಡುಗಿದಾಗಲೆಲ್ಲ ನಾನು "ಹೂಂ, ಬಂದೆ" ಎಂದು ಬಾಯಿಬಿಟ್ಟು ಓಗೊಡುತ್ತೇನೆ. ಬಸ್ಸಿನಲ್ಲಿ ಪಕ್ಕ ಕೂತವರು ಸ್ವಲ್ಪ ಸರಿದು ಕೂರುತ್ತಾರೆ. ಮನೆಯಲ್ಲಿ ಹೆಂಡತಿ, ಬ್ಯಾಂಕಿನಿಂದ ನಿವೃತ್ತರಾದ ಗಂಡಸರಿಗೆ ಹೀಗಾಗುವುದುಂಟು ಎಂದು ಬಂದವರಿಗೆ ಸಮಾಧಾನ ಹೇಳುತ್ತಾಳೆ. ಆದರೆ ಕರೆದವರಿಗೆ ಓಗೊಡದಿರುವುದು ನಮ್ಮ ಕುಂದಾಪುರದ ಕಡೆ ಶಿಷ್ಟಾಚಾರವಲ್ಲ, ನೋಡಿ. ಇಲ್ಲಿ ಯಾವ ಮಾತೂ ನೇರವಾಗಿ ಆರಂಭವಾಗುವುದಿಲ್ಲ. ಮೊದಲು "ಹ್ವಾಯ್" ಎನ್ನಬೇಕು, ಆಚೆಯವರು ತಿರುಗಬೇಕು, ಆಮೇಲೆ ಬಂಗುಡೆ ಮೀನಿನ ರೇಟಿನಿಂದ ಹಿಡಿದು ಮಗಳ ಸಂಬಂಧದವರೆಗೆ ಏನನ್ನಾದರೂ ಮಾತನಾಡಬಹುದು.

ಈ ಹ್ವಾಯನ್ನು ಕಂಪ್ಯೂಟರಿನೊಳಕ್ಕೆ ಇಳಿಸಿದವಳು ನನ್ನ ಹೆಂಡತಿಯ ತಂಗಿ ವನಜ. ತಲ್ಲೂರಿನ ಮನೆಯಲ್ಲಿ ತಾಯಿಯ ಜೊತೆಗಿದ್ದುಕೊಂಡು, ದಿನಾ ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಹೋಗಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಈ ಅಕ್ಕತಂಗಿಯರ ತಮ್ಮ ಸದಾನಂದ ಬೈಂದೂರಿನ ಒಂದು ಪ್ರೆಸ್ಸಿನಲ್ಲಿ ಮದುವೆಯ ಕಾಗದ ಮುದ್ರಿಸುವವನು. ಮೂರನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಅವನ ಕಿವಿ ಪೂರ್ತಿ ಹೋಯಿತು, ಮಾತು ಉಳಿಯಿತು. ತೊಂಬತ್ತರ ದಶಕದ ಕೊನೆಗೆ ಮನೆಮನೆಗೂ ಫೋನು ಬಂದಾಗ ನಾವೆಲ್ಲ ಹಿಗ್ಗಿದೆವು. ಅವನು ಮಾತ್ರ ಒಂಟಿಯಾದ. ಅಲ್ಲಿಯವರೆಗೆ ಅವನಿಗೊಂದು ಕಾರ್ಡು ಗೀಚಿ ಹಾಕುತ್ತಿದ್ದ ನಾವು ಬರೆಯುವುದನ್ನೇ ಬಿಟ್ಟಿದ್ದೆವು. ಹಾಗೆ ಬಿಟ್ಟದ್ದು ನಮ್ಮ ಯಾರ ಗಮನಕ್ಕೂ ಬರಲಿಲ್ಲ, ವನಜಳ ಗಮನಕ್ಕೆ ಬಂತು.

ಅವಳು ಕೂತು ಒಂದು ಹರಟೆಯ ತಂತ್ರಾಂಶ ಬರೆದಳು. ಬ್ರಹ್ಮಾವರದಲ್ಲಿ ಟೈಪು ಮಾಡಿದ್ದು ಫೋನಿನ ತಂತಿಯಲ್ಲಿ ಹಾದು ಬೈಂದೂರಿನ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು: ಕಪ್ಪು ಪರದೆ, ಬಿಳಿಯ ಅಕ್ಷರ, ಇಂಗ್ಲಿಷ್ ಲಿಪಿಯ ವೇಷ ಹಾಕಿದ ಕುಂದಾಪ್ರ ಕನ್ನಡ. ನಾವು ಬೆನ್ನು ತಟ್ಟಿದೆವು. ಭಾನುವಾರ ಮನೆಗೆ ಬಂದ ಸದಾನಂದ ಮಾತ್ರ, "ಅಕ್ಕ, ನಾನ್ ಬೆನ್ನ್ ಹಾಕಿ ಕಾಗ್ದ ಕತ್ತರಿಸ್ತಾ ಇರ್ತೆ. ನೀ ಬರ್ದದ್ದ್ ನಂಗೆ ಗೊತ್ತಾಪ್ದ್ ಹ್ಯಾಂಗೆ?" ಎಂದ. ಮರುವಾರವೇ ಹ್ವಾಯ್ ಗುಂಡಿ ಹುಟ್ಟಿತು. ಅದನ್ನು ಒತ್ತಿದರೆ ಅಲ್ಲಿ ಕಪ್ಪು ಪರದೆಯೆಲ್ಲ ಬೆಳ್ಳಗೆ ಮಿಂಚಿ, ಅವನೆದುರಿನ ಗೋಡೆಯ ಮೇಲೆ ಬೆಳಕು ಬಿದ್ದು, ಅವನು ತಿರುಗುತ್ತಿದ್ದ.

ವನಜಳ ವನವಾಸ ಶುರುವಾದದ್ದು ಆಮೇಲೆ. ಮಾತನ್ನು ಇಲ್ಲಿಂದ ಅಲ್ಲಿಗೆ ಹೊತ್ತೊಯ್ಯುವ ತಿರುಳು ಒಂದೇ ಆದರೂ, ಕಣ್ಣಿಗೆ ಕಾಣುವ ಮುಖವನ್ನು ಒಂದೊಂದು ಯಂತ್ರಕ್ಕೂ ಬೇರೆಯಾಗಿಯೇ ಬರೆಯಬೇಕಂತೆ. ನಮ್ಮ ಮನೆಗೆ ಮೌಸ್ ಇರುವ ಬಣ್ಣದ ಕಂಪ್ಯೂಟರ್ ಬಂತು, ಅದಕ್ಕೊಂದು ಮುಖ; ಗುಂಡಿಗಳ ಮೊಬೈಲು ಬಂತು, ಅದಕ್ಕೆ ಮಿಂಚುವ ಬದಲು ಜೇಬಿನಲ್ಲೇ ನಡುಗುವ ಮುಖ; ಬೆರಳಿನಿಂದ ಸವರುವ ಮೊಬೈಲು ಬಂತು, ಇನ್ನೊಂದು. ಹಳೆಯ ಮುಖ ಯಾವುದನ್ನೂ ಅವಳು ಎಸೆಯಲಿಲ್ಲ. ತಿರುಳಿನಲ್ಲಿ ಒಂದು ಸಾಲು ತಿದ್ದಿದರೂ ಎಲ್ಲ ಮುಖಗಳನ್ನೂ ಮತ್ತೆ ಪರೀಕ್ಷಿಸುತ್ತಿದ್ದಳು. ಆ ಪರೀಕ್ಷೆಯನ್ನು ನೀವು ನೋಡಬೇಕಿತ್ತು. ಕಿವಿಗೆ ಹತ್ತಿ ತುರುಕಿಕೊಂಡು, ಕಂಪ್ಯೂಟರಾದರೆ ಅದಕ್ಕೆ ಬೆನ್ನು ಹಾಕಿ, ಮೊಬೈಲಾದರೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸಳೆ ಹೆಚ್ಚುತ್ತಾ ಕೂರುವಳು. ನಾನು ಪಕ್ಕದ ಕೋಣೆಯಿಂದ ಹ್ವಾಯ್ ಒತ್ತಬೇಕು. ಅವಳು ತಿರುಗದಿದ್ದರೆ ಆ ಮುಖ ನಪಾಸು. ನನ್ನ ತಾಂತ್ರಿಕ ಜೀವನವೆಲ್ಲ ಹೀಗೆ ಗುಂಡಿಗೆ ಬಿದ್ದೇ ಕಳೆಯಿತು. ಆದರೂ ಹೇಳುತ್ತೇನೆ, ಹೊಸದನ್ನು ಕಟ್ಟಿ ಹೊಗಳಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ, ಕಟ್ಟಿದ್ದನ್ನು ವರ್ಷಗಟ್ಟಲೆ ಯಾರ ಹೊಗಳಿಕೆಯೂ ಇಲ್ಲದೆ ಕಾಪಾಡಿಕೊಂಡು ಬಂದವಳನ್ನು ಇವಳೊಬ್ಬಳನ್ನೇ ಕಂಡದ್ದು.

ಮುಂದೆ ಪುಕ್ಕಟೆ ಆ್ಯಪುಗಳು ಬಂದು ನಾವೆಲ್ಲ ಅತ್ತ ವಲಸೆ ಹೋದೆವು. ಇನ್ನು ಇದನ್ನು ಬಿಟ್ಟುಬಿಡಬಾರದೇ ಎಂದು ನಾನು ದೊಡ್ಡ ಮನುಷ್ಯನಂತೆ ಸಲಹೆ ಕೊಟ್ಟೆ. "ಭಾವ, ಅದ್ರಗೆ ಬೆಳಿಗ್ಗೆ ಎದ್ದ್ ಕೂಡ್ಲೆ ಗುಲಾಬಿ ಹೂಗ್ ಬತ್ತ್. ನಡುಗಿದ್ದೆಲ್ಲ ಕರೆಯೇ ಆದ್ರೆ ಅವ ಯಾವ್ದಕ್ಕೆ ತಿರ್ಗಿ ಕಾಣ್ಕ್?" ಎಂದಳು. ಅಂದೇ ಬೆಳಿಗ್ಗೆ ಗುಡ್ ಮಾರ್ನಿಂಗ್ ಎಂದು ಗುಲಾಬಿ ಕಳಿಸಿದವರಲ್ಲಿ ನಾನೂ ಇದ್ದುದರಿಂದ ಸುಮ್ಮನಾದೆ.

ಇಷ್ಟೆಲ್ಲ ಮುಖಗಳಿದ್ದರೂ ಒಬ್ಬರಿಗೆ ಮಾತ್ರ ಯಾವುದೂ ಒದಗಲಿಲ್ಲ. ನನ್ನ ಅತ್ತೆಗೆ ಓದುಬರಹ ಬಾರದು. ಮಗನ ಕಿವಿ ಹೋದ ಮೇಲೂ ಅವರು ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲು ಕೂಗಿ, ಆಮೇಲೆ ನೆನಪಾಗಿ, ಅವನಿದ್ದಲ್ಲಿಗೇ ನಡೆದುಹೋಗಿ ಭುಜ ಮುಟ್ಟುತ್ತಿದ್ದರಂತೆ. ಅವರು ಒಂದು ದಿನ ವನಜಳಿಗೆ ಹೇಳಿದರು: "ನೀವೆಲ್ಲ ಅವ್ನ ಕರೀತ್ರಿ. ನಾನ್ ಕರ್ದದ್ದ್ ಒಂದ್ ಅವ್ನಿಗೆ ಮುಟ್ಲೇ ಇಲ್ಲ." ಒಂದೆರಡು ದಿನ ಬಿಟ್ಟು ವನಜ, ಹಿಂದೆ ಅವನನ್ನು ಹೇಗೆ ಕೂಗುತ್ತಿದ್ದಿರಿ ಎಂದು ತಾಯಿಯ ಬಾಯಿಂದ ಮತ್ತೆ ಮತ್ತೆ ಕೂಗಿಸಿದಳು. "ಸದಾ" ಎಂದು ಉದ್ದಕ್ಕೆ ಎಳೆದು, "ನಂದಾ" ಎಂದು ಗಬಕ್ಕನೆ ನಿಲ್ಲಿಸುವ ಕೂಗು ಅದು.

ಹಾಗೆ ಹುಟ್ಟಿದ್ದು ಕೊನೆಯ ಮುಖ. ಮೊಬೈಲಿನ ಪರದೆ ತುಂಬ ಒಂದೇ ಕೆಂಪು ಗುಂಡಿ, ಅಕ್ಷರ ಒಂದೂ ಇಲ್ಲ. ಅತ್ತೆ ಹಲಸಿನ ಬೀಜ ಸುಲಿಯುತ್ತಾ ಅದನ್ನು ಒತ್ತಿದರು. ಏನೂ ಆದಂತೆ ಕಾಣಲಿಲ್ಲವಾದ್ದರಿಂದ ಮತ್ತೆ ಒತ್ತಿದರು. ಮುಟ್ಟಿದ ಸುದ್ದಿ ಒತ್ತಿದವರಿಗೆ ತಿಳಿಯುವ ಏರ್ಪಾಡನ್ನು ಮಾಡುವುದು ವನಜಳಿಗೂ ಹೊಳೆದಿರಲಿಲ್ಲ, ಪರೀಕ್ಷಕನೆಂದು ಎದುರಿಗೇ ಕೂತಿದ್ದ ನನಗೂ ಹೊಳೆಯಲಿಲ್ಲ. ಅತ್ತೆ ಬೀಜಕ್ಕೊಂದರಂತೆ ಒತ್ತುತ್ತಲೇ ಇದ್ದರು. ಮಧ್ಯಾಹ್ನ ಅಂಗಳದಲ್ಲಿ ಬೈಕು ನಿಂತಿತು. ಕೈಯಲ್ಲಿ ಪ್ರೆಸ್ಸಿನ ಮಸಿ ಹಾಗೆಯೇ ಇತ್ತು. ಸದಾನಂದ ಏದುಸಿರು ಬಿಡುತ್ತಾ "ಅಮ್ಮ, ಎಂತ ಆಯ್ತ್?" ಎಂದ.

ಅತ್ತೆ ಅವನು ತುಟಿ ಓದುವಂತೆ ಮುಖ ಎತ್ತಿ, "ಎಂತ ಇಲ್ಲ ಮಗಾ, ಕರ್ದೆ ಅಷ್ಟೆ" ಎಂದರು.

ಕೆಲಸ ಕೆಡಿಸಿದ್ದಕ್ಕೆ ಅವನು ಸಿಟ್ಟಾಗುತ್ತಾನೆಂದು ನಾನು ಹೆದರಿದೆ. ವನಜಳೂ ಹೆದರಿದ್ದಳು, ಮೊಬೈಲಿನ ಆ ನಡುಕದ ಉದ್ದಗಿಡ್ಡವನ್ನು ತಾಯಿಯ ಕೂಗಿನ ಅಳತೆಗೇ ಹೊಂದಿಸಿದ್ದೆಂದು ಅವಳು ತಮ್ಮನಿಗೆ ಹೇಳಿರಲೇ ಇಲ್ಲ. ಅವನು ಮೆಟ್ಟಿಲ ಮೇಲೆ ಕೂತು, ಮೊಬೈಲಿದ್ದ ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು, ತನಗೇ ಕೇಳಿಸದ ಆ ಗಟ್ಟಿ ದನಿಯಲ್ಲಿ ಅಕ್ಕನಿಗೆ ಹೇಳಿದ: "ಇದ್ ಅಮ್ಮನೇ. ಊಟಕ್ಕ್ ಕರುಕೆ ಹೀಂಗೇ ಕೂಗ್ತಿದ್ದ್ರ್."

ಅತ್ತೆ ಬೀಜದ ತಟ್ಟೆ ಬದಿಗಿಟ್ಟು ಅವನಿಗೆ ಎಲೆ ಹಾಕಲು ಎದ್ದರು. ವನಜ ಮಾತ್ರ ಸಂಜೆಯೇ ತಿರುಳು ಬಿಚ್ಚಿ, ಆಚೆಯವರು ಓಗೊಟ್ಟರೆ ಕರೆದವರ ಮೊಬೈಲೂ ನಡುಗುವಂತೆ ತಿದ್ದಿ, ಮತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ಬಸಳೆ ಹೆಚ್ಚಲು ಕೂತಳು.

ಈಗ ಅತ್ತೆಗೆ ರುಚಿ ಹತ್ತಿದೆ, ನಮ್ಮನ್ನೂ ಕರೆಯುತ್ತಾರೆ. ಇಗೋ, ಬರೆಯುತ್ತಿರುವಾಗಲೇ ಜೇಬು ಉದ್ದಕ್ಕೆ ನಡುಗಿ ಗಬಕ್ಕನೆ ನಿಂತಿತು. "ಹೂಂ, ಬಂದೆ" ಎಂದೆ. ಆಮೇಲೆ, ಅವರಿಗೆ ಮುಟ್ಟಲಿ ಎಂದು ಗುಂಡಿಯನ್ನೂ ಒತ್ತಿದೆ.